ಸೀಲಿಂಗಿನಿಂದ ನಾಲ್ಕು ಬೆರಳು ಕೆಳಗೆ

ಯುಗಾದಿಗೆ ಇನ್ನು ಹದಿನೆಂಟು ದಿನ ಇರುವಾಗ ಹುಬ್ಬಳ್ಳಿಯಿಂದ ಭಾವನ ಫೋನು ಬಂತು. ಈ ಸಲದ ಹಬ್ಬ ಪುಣೆಯಲ್ಲಿ, ತಮ್ಮನ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಬರುತ್ತೇವೆ, ಮೂರು ದಿನ ಇರುತ್ತೇವೆ ಎಂದರು. ಫೋನು ಇಟ್ಟ ಮೇಲೆ ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತನ್ನದೇ ಹಾಲನ್ನು ಒಮ್ಮೆ ನೋಡಿದಳು. ಬೇರೆಯವರ ಕಣ್ಣಿನಿಂದ ನಮ್ಮ ಮನೆಯನ್ನು ನೋಡುವುದು ಕಷ್ಟದ ಕೆಲಸ. ಆದರೆ ನೆಂಟರು ಬರುವ ಸುದ್ದಿ ಬಂದ ಮರುಕ್ಷಣ ಆ ಕಣ್ಣು ತಾನಾಗಿ ಬಂದುಬಿಡುತ್ತದೆ.

ಸಿಂಹಗಡ ರಸ್ತೆಯಿಂದ ಒಳಗೆ, ಧಾಯರಿಯಲ್ಲಿ, ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಹಾಲಿನ ನೆತ್ತಿಯ ಮೇಲೆ ಒಂದು ಟ್ಯೂಬ್‌ಲೈಟು. ಬಾಲ್ಕನಿ ಬಾಗಿಲಿಗೆ ಮಿರಮಿರ ಮಿಂಚುವ ಕಂದು ಸ್ಯಾಟಿನ್ ಪರದೆ, ಅದೂ ನೆಲಕ್ಕೆ ಮೊಳ ದೂರದಲ್ಲೇ ನಿಂತುಬಿಟ್ಟದ್ದು. ಕೈ ಸವೆದು ಬಿಳಿಚಿದ ಕಟ್ಟಿಗೆಯ ಸೋಫಾ. ಷೋಕೇಸಿನ ತುಂಬ ಗೃಹಪ್ರವೇಶ, ಮುಂಜಿ, ಮದುವೆಗಳಲ್ಲಿ ಬಂದ ಉಡುಗೊರೆಗಳು: ಗಾಜಿನ ಹಂಸ, ಪ್ಲಾಸ್ಟಿಕ್ ಗುಲಾಬಿ, ನಿಂತು ಹೋದ ಎರಡು ಗಡಿಯಾರ. ಗೋಡೆಗೆ ಮೂರು ಕ್ಯಾಲೆಂಡರು.

ಇಷ್ಟು ವರ್ಷ ಇದೇ ಮನೆಗೆ ನೆಂಟರು ಬಂದಿದ್ದಾರೆ, ಉಂಡು ಹೋಗಿದ್ದಾರೆ. ಆಗ ಆಕೆಗೆ ಯಾವ ಸಂಕೋಚವೂ ಆಗಿರಲಿಲ್ಲ. ಈ ಸಲದ ಮಾತು ಬೇರೆ. ಚಾಕಣದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ದುಡಿದ ಗಂಡನನ್ನು ಡಿಸೆಂಬರಿನಲ್ಲಿ ಮನೆಗೆ ಕಳಿಸಿದ್ದರು. ಲೆಕ್ಕ ಚುಕ್ತಾ ಮಾಡಿ ಕೊಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. ಬಾಡಿಗೆ, ಎಂಟನೇ ಇಯತ್ತೆಯ ಮಗನ ಫೀಸು, ರೇಶನ್ನು ಎಂದು ಅದು ತಿಂಗಳು ತಿಂಗಳು ಕರಗುತ್ತಿತ್ತು. ಆಕೆ ಸೀರೆಗಳಿಗೆ ಫಾಲ್ ಪಿಕೋ ಮಾಡಿ ಗಳಿಸುವುದು ತರಕಾರಿಗೆ, ಹಾಲಿಗೆ ಆಗುತ್ತಿತ್ತು. ಈ ವಿಷಯ ಅಣ್ಣನಿಗೆ ಗೊತ್ತಿರಲಿಲ್ಲ. ಗಂಡನ ಡಿಪ್ಲೊಮಾ ಫೀಸು ತುಂಬಿದ್ದು ಅದೇ ಅಣ್ಣ, ತನ್ನ ಓದು ಬಿಟ್ಟು. ಅವನಿಗೆ ಈ ಮಾತು ಹೇಗೆ ಹೇಳುವುದು ಎಂದು ಗಂಡ ಮೂರು ತಿಂಗಳಿಂದ ಯೋಚಿಸುತ್ತಿದ್ದ.

"ಅವ್ರೇನ್ ಮನಿ ನೋಡಾಕ ಬರ್ತಾರೇನು?" ಎಂದ ಗಂಡ.

"ಮಂದಿ ಮೊದಲ ನೋಡೂದ ಮನಿ" ಎಂದಳು ಆಕೆ.

ನಾಲ್ಕು ಸಾವಿರ ರೂಪಾಯಿ. ಅದಕ್ಕಿಂತ ಒಂದು ಪೈಸೆ ಹೆಚ್ಚಿಗೆ ಖರ್ಚು ಮಾಡುವುದಿಲ್ಲ ಎಂದು ಫೆಬ್ರುವರಿ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಮೇಲೆ 4000 ಎಂದು ಬರೆದು ಗೆರೆ ಎಳೆದಳು.

ಐನೂರು ರೂಪಾಯಿಯಲ್ಲಿ ಮನೆಯನ್ನು ಅರಮನೆ ಮಾಡುವ ವಿಡಿಯೊಗಳನ್ನು ಆಕೆ ನೋಡಿದ್ದಳು. ಅವುಗಳಲ್ಲಿ ಒಂದು ಮೋಸ ಇರುತ್ತದೆ. ಐನೂರು ಎಂದು ಹೇಳುವಾಗ ಮನೆಯಲ್ಲಿ ಮೊದಲೇ ಇದ್ದ ಬಿಳಿ ಗೋಡೆ, ಒಳ್ಳೆಯ ಸೋಫಾ, ದೊಡ್ಡ ಕಿಟಕಿಗಳ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಕೆಯ ಪಾಠ ಬೇರೆ ಕಡೆ ಆಗಿತ್ತು. ಒಂದು ವರ್ಷದ ಹಿಂದೆ ಪಕ್ಕದ ಮನೆಯವಳ ಜೊತೆ ಕೋರೆಗಾಂವ್ ಪಾರ್ಕಿನ ಒಂದು ಅಂಗಡಿಗೆ ಹೋಗಿದ್ದಾಗ ಅಲ್ಲಿ ಖಣದ ಬಟ್ಟೆಯ ಕುಶನ್ ಕವರುಗಳಿದ್ದವು. ಒಂದಕ್ಕೆ 1,450 ರೂಪಾಯಿ. ಆಕೆ ಹುಟ್ಟಿದ್ದು ಗುಳೇದಗುಡ್ಡದಲ್ಲಿ. ರವಿಕೆಗೆಂದೇ ನೇಯುವ ಆ ಬಟ್ಟೆ, ಕಡಿಮೆ ಅಗಲ, ಎರಡೂ ಅಂಚಿಗೆ ದಡಿ, ಮೈತುಂಬ ಸಣ್ಣ ಬುಟ್ಟಾ. ಅದರ ಮಗ್ಗದ ಸಪ್ಪಳದಲ್ಲೇ ಬೆಳೆದವಳು. ಶಾಲೆಗೆ ಹೋಗುವಾಗ ಖಣದ ಕುಪ್ಪಸ ತೊಡಲು ನಾಚಿಕೆಪಟ್ಟವಳು. ಮರಾಠಿ ಮಂದಿ ಮೊದಲಿನಿಂದಲೂ ಆ ಬಟ್ಟೆಯ ದೊಡ್ಡ ಗಿರಾಕಿಗಳು. ಗುಡಿಪಾಡವಾಕ್ಕೆ ಬಿದಿರು ಕೋಲಿನ ತುದಿಗೆ ತಂಬಿಗೆ ಬೋರಲು ಹಾಕಿ ಏರಿಸುವ ಗುಡಿಗೂ ಖಣ ಉಡಿಸುತ್ತಾರೆ. ಆದರೆ ಅದು ಸೋಫಾ ಏರಿ ಸಾವಿರದ ಲೆಕ್ಕದಲ್ಲಿ ಮಾರಾಟವಾಗುವುದನ್ನು ಆಕೆ ಅವತ್ತೇ ನೋಡಿದ್ದು.

ಬೆಲೆಗಿಂತ ಹೆಚ್ಚಾಗಿ ಆಕೆಗೆ ನೆನಪಿದ್ದುದು ಆ ಅಂಗಡಿ ಕಾಣುತ್ತಿದ್ದ ರೀತಿ. ಅಲ್ಲಿ ಸಾಮಾನು ಬಹಳ ಕಡಿಮೆ ಇತ್ತು. ಬೆಳಕು ಮೇಲಿನಿಂದ ಸುರಿಯುತ್ತಿರಲಿಲ್ಲ, ಮೂಲೆಮೂಲೆಗಳಲ್ಲಿ ಕೆಳಗಡೆ ಹಳದಿಯಾಗಿ ಕೂತಿತ್ತು. ಮೇಲಿಂದ ಇಳಿದ ಬಟ್ಟೆ ನೆಲ ಮುಟ್ಟುತ್ತಿತ್ತು. ಮಿಂಚುವ ವಸ್ತು ಒಂದೂ ಇರಲಿಲ್ಲ. ಶ್ರೀಮಂತಿಕೆ ಅಂದರೆ ಮಿಂಚು ಎಂದು ನಮ್ಮಂಥವರು ತಿಳಿದಿರುತ್ತೇವೆ. ಹಾಗಾಗಿಯೇ ಬಂಗಾರದ ಬಣ್ಣದ ಪ್ಲಾಸ್ಟಿಕ್ಕು, ಸ್ಯಾಟಿನ್ನು ಇಷ್ಟೊಂದು ಮಾರಾಟವಾಗುವುದು. ಅಗ್ಗದ ವಸ್ತು ದುಬಾರಿ ವಸ್ತುವಿನ ವೇಷ ಹಾಕಿದಾಗಲೇ ಹೆಚ್ಚು ಅಗ್ಗ ಕಾಣುತ್ತದೆ. ಮಣ್ಣು ಮಣ್ಣಿನ ಹಾಗೆ, ಬಿದಿರು ಬಿದಿರಿನ ಹಾಗೆ ಇದ್ದರೆ ಯಾರೂ ಬೆಲೆ ಕೇಳುವುದಿಲ್ಲ.

ಮೊದಲ ಎರಡು ದಿನ ಆಕೆ ಏನನ್ನೂ ಕೊಳ್ಳಲಿಲ್ಲ, ತೆಗೆದಳು. ಹಂಸ, ಗುಲಾಬಿ, ಗಡಿಯಾರ, ಮೂರರಲ್ಲಿ ಎರಡು ಕ್ಯಾಲೆಂಡರು ಮಂಚದ ಕೆಳಗಿನ ಪೆಟ್ಟಿಗೆಗೆ ಹೋದವು. ಷೋಕೇಸಿನಲ್ಲಿ ಉಳಿದದ್ದು ಅತ್ತೆಯ ಕಾಲದ ಹಿತ್ತಾಳೆ ತಂಬಿಗೆ, ಒಂದು ಸಮೆ, ನಾಲ್ಕು ಪುಸ್ತಕ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ತಂಬಿಗೆಗೆ ಮೊದಲಿನ ಬಣ್ಣ ಬಂತು. ಇದಕ್ಕೆಲ್ಲ ಖರ್ಚು ಸೊನ್ನೆ. ಹಾಲು ಆಗಲೇ ಎರಡಡಿ ಅಗಲ ಆದ ಹಾಗಿತ್ತು.

ಆಮೇಲೆ ಬೆಳಕು. ಬಲ್ಬಿನ ಡಬ್ಬಿಯ ಮೇಲೆ 6500 ಕೆ ಎಂದಿದ್ದರೆ ಅದು ಆಸ್ಪತ್ರೆಯ ಹಾಗೆ ಬಿಳಿ. 2700 ಅಥವಾ 3000 ಎಂದಿದ್ದರೆ ಸಂಜೆಯ ಹಾಗೆ ಹಳದಿ. ಅಂಥ ನಾಲ್ಕು ಎಲ್‌ಇಡಿ ಬಲ್ಬು, ಒಂದಕ್ಕೆ ತೊಂಬತ್ತರಂತೆ 360. ಬುರುಡ್ ಆಳಿಯಲ್ಲಿ ಮೇದಾರರು ಹೆಣೆದ ಎರಡು ಬಿದಿರು ಬುಟ್ಟಿ, 240. ವೈರು, ಹೋಲ್ಡರು, ಪ್ಲಗ್ಗು ಸೇರಿ 180. ಬುಟ್ಟಿ ಬೋರಲು ಹಾಕಿ ಒಳಗೆ ಬಲ್ಬು ಇಟ್ಟರೆ ಗೋಡೆಯ ಮೇಲೆ ಹೆಣಿಗೆಯ ನೆರಳು ಬೀಳುತ್ತದೆ. ಎಲ್‌ಇಡಿ ಹಳೆಯ ಬಲ್ಬಿನ ಹಾಗೆ ಸುಡುವುದಿಲ್ಲ, ಬಿದಿರಿಗೆ ಭಯವಿಲ್ಲ.

ವೈರಿನ ಕೆಲಸಕ್ಕೆ ಎಲೆಕ್ಟ್ರಿಷಿಯನ್ನನನ್ನು ಕರೆದರೆ ಮತ್ತೆ ಮುನ್ನೂರು ಎಂದು ಆಕೆ ಗಂಡನ ಮುಂದೆ ಬುಟ್ಟಿ ಇಟ್ಟಳು. ಮೂರು ತಿಂಗಳಿಂದ ಅವನು ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ಕಳಿಸುತ್ತಿದ್ದ, ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಬುಟ್ಟಿಯನ್ನು ತಿರುಗಿಸಿ ನೋಡಿದ. "ಹಿಂಗಾದ್ರ ಹೋಲ್ಡರ್ ನಿಲ್ಲೂದಿಲ್ಲ" ಎಂದು ಎದ್ದು ಹೋಗಿ ಅಟ್ಟದ ಮೇಲಿನ ಹತ್ಯಾರಿನ ಡಬ್ಬಿ ಇಳಿಸಿದ. ಡಿಸೆಂಬರಿನ ನಂತರ ಆ ಡಬ್ಬಿ ತೆರೆದದ್ದು ಅವತ್ತೇ ಮೊದಲು. ಒಂದು ತಗಡಿನ ಪಟ್ಟಿ ಕತ್ತರಿಸಿ, ಬಾಗಿಸಿ, ತೂತು ಕೊರೆದು, ಅಂಚನ್ನು ಕಾನಸಿನಿಂದ ಉಜ್ಜಿದ. ರಾತ್ರಿ ಹನ್ನೊಂದರವರೆಗೆ ಕೂತಿದ್ದ. ಬುಟ್ಟಿಯೊಳಗಿನ ಪಟ್ಟಿಯ ಅಂಚನ್ನು ಯಾರು ನೋಡುತ್ತಾರೆ ಎಂದು ಆಕೆ ಕೇಳಲಿಲ್ಲ.

ಮರುದಿನ ಅವನೇ ಬೋಹ್ರಿ ಆಳಿಗೆ ಹೋಗಿ ಪರದೆಯ ಪೈಪು, ಬ್ರಾಕೆಟ್ಟು ತಂದ, 640. ಹಳೆಯ ಪೈಪು ಬಾಗಿಲಿನ ಚೌಕಟ್ಟಿಗೆ ತಾಗಿಕೊಂಡೇ ಇತ್ತು. ಹೊಸದನ್ನು ಸೀಲಿಂಗಿನಿಂದ ನಾಲ್ಕು ಬೆರಳು ಕೆಳಗೆ ಹಾಕಬೇಕು, ಬಾಗಿಲಿಗಿಂತ ಎರಡೂ ಕಡೆ ಒಂದೊಂದು ಅಡಿ ಹೊರಗೆ ಬರಬೇಕು ಎಂದು ಆಕೆ ಹೇಳಿದಳು. ಹಾಗೆ ಮಾಡಿದರೆ ಕಣ್ಣು ಬಟ್ಟೆಯ ಜೊತೆ ಮೇಲಕ್ಕೆ ಹೋಗುತ್ತದೆ, ಕೋಣೆ ಎತ್ತರ ಕಾಣುತ್ತದೆ, ಆರಡಿ ಬಾಗಿಲು ಎಂಟಡಿಯ ಹಾಗೆ ತೋರುತ್ತದೆ. ಮನೆ ಮಾಲೀಕರು ಗೋಡೆಗೆ ತೂತು ಹಾಕಬೇಡಿ ಎಂದಿದ್ದರು. ಬಿಡುವಾಗ ಬಿಳಿ ಸಿಮೆಂಟು ತುಂಬಿದರಾಯಿತು. ಗಂಡ ಮಟ್ಟಗೋಲು ಹಿಡಿದು ಮೂರು ಸಲ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಡ್ರಿಲ್ ಹಿಡಿದ.

ಪೈಪು ಬಂತು, ಪರದೆ? ಬಾಲ್ಕನಿಯ ಆ ಎತ್ತರಕ್ಕೆ ಒಳ್ಳೆಯ ಬಟ್ಟೆ ಕೊಳ್ಳುವುದೆಂದರೆ ನಾಲ್ಕು ಸಾವಿರವೂ ಅಲ್ಲೇ ಮುಗಿಯುತ್ತಿತ್ತು. ಒಂದು ರಾತ್ರಿ ಆಕೆ ಗೋದ್ರೇಜ್ ಕಪಾಟಿನ ಕೆಳಗಿನ ಖಾನೆಯಿಂದ ಇಳಕಲ್ಲ ಸೀರೆ ತೆಗೆದಳು. ಅತ್ತೆಯ ಸೀರೆ. ಅವರು ತೀರಿಕೊಂಡ ಮೇಲೆ ನಾಲ್ಕು ಸೀರೆಗಳನ್ನು ಇಬ್ಬರು ಸೊಸೆಯರು ಎರಡೆರಡು ಹಂಚಿಕೊಂಡಿದ್ದರು. ಒಂಬತ್ತು ಗಜದ್ದು, ನವಿಲಿನ ಕತ್ತಿನ ಹಸಿರು, ಗೋಮಿ ದಡಿ, ಕೆಂಪು ಬಿಳುಪಿನ ತೋಪ ತೆನಿ ಸೆರಗು. ಇಳಕಲ್ಲ ಸೀರೆಯಲ್ಲಿ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ. ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಆ ಕೊಂಡಿಯ ಗೆರೆಯ ಮೇಲೆ ಕತ್ತರಿ ಇಡಲು ಆಕೆಗೆ ಅರ್ಧ ತಾಸು ಬೇಕಾಯಿತು. ಸೆರಗು ಕಂಡರೆ ಇದು ಸೀರೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಸೆರಗು ಹೋದರೆ ಬರೀ ಚಂದದ ಹಸಿರು ಬಟ್ಟೆ.

ಉಳಿದದ್ದನ್ನು ಮೂರು ತುಂಡು ಮಾಡಿದಳು. ಒಂದನ್ನು ಉದ್ದಕ್ಕೆ ಸೀಳಿ ಉಳಿದೆರಡಕ್ಕೆ ಜೋಡಿಸಿದಳು. ನೆಲ ಮುಟ್ಟಲು ಒಂದಡಿ ಕಡಿಮೆ ಬಿತ್ತು. ಲಕ್ಷ್ಮೀ ರಸ್ತೆಯಿಂದ ತಂದ ಖಣವನ್ನು ಕೆಳಗೆ ಪಟ್ಟಿಯಾಗಿ ಹಚ್ಚಿದಳು, ಉಳಿದುದರಲ್ಲಿ ಎರಡು ಕುಶನ್ ಕವರು. ಖಣ ನಾಲ್ಕು ಮೀಟರು, 520. ಹಿಂದೆ ಒಳಬಟ್ಟೆಗೆ ಮಾಂಜರಪಾಟ ಎಂಟು ಮೀಟರು, 440. ಒಳಬಟ್ಟೆ ಇಲ್ಲದ ಪರದೆ ತೊಯ್ದ ಕಾಗದದ ಹಾಗೆ ಜೋತು ಬೀಳುತ್ತದೆ. ಅದೇ ಬಟ್ಟೆಗೆ ಹಿಂದೆ ಇನ್ನೊಂದು ಪದರು ಕೊಟ್ಟರೆ ತೂಕ ಬರುತ್ತದೆ, ಮಡಿಕೆ ನೇರ ನಿಲ್ಲುತ್ತದೆ. ಬೆಲೆ ಬಾಳುವ ಪರದೆಗೂ ಸಾದಾ ಪರದೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಹುಪಾಲು ಈ ಒಳಬಟ್ಟೆಯಲ್ಲಿದೆ.

ಸೋಫಾಕ್ಕೆ ಉಸುಕಿನ ಕಾಗದ, ವಾರ್ನಿಶ್, 340. ರವಿವಾರ ಜುನಾ ಬಜಾರಿನಲ್ಲಿ ಹಳೆಯ ಕಟ್ಟಿಗೆಯ ಫ್ರೇಮು ಮೂರು, ಚೌಕಾಶಿ ಮಾಡಿ 300. ಅವುಗಳಲ್ಲಿ ಅಂಗೈ ಅಗಲದ ಕಸೂತಿಯ ಮೂರು ತುಂಡುಗಳನ್ನು ಇಟ್ಟಳು. ಅವ್ವ ಕಲಿಸಿದ ಗವಂತಿ, ಮುರಗಿ, ನೇಗಿ. ಹುಡುಗಿಯಾಗಿದ್ದಾಗ ಕೈ ತಿದ್ದಿಕೊಳ್ಳಲು ಹಾಕಿದವು. ಸುತ್ತ ಬಿಳಿ ರಟ್ಟು ಅಗಲವಾಗಿ ಬಿಟ್ಟಾಗ ಆ ಚೂರುಗಳು ಮ್ಯೂಸಿಯಂನಿಂದ ಬಂದ ಹಾಗಿದ್ದವು. ಒಂದು ಗಿಡ 250, ಅದಕ್ಕೆ ಕುಂಬಾರನ ಕುಂಡ 120. ಸೋಫಾದ ಬೆನ್ನಿಗೆ ಮಡಚಿ ಹಾಕಿದ್ದು ಊರಿನ ಕೌದಿ. ತಂಬಿಗೆಯೊಳಗೆ ಹೂವಲ್ಲ, ಸೊಸೈಟಿಯ ಗೇಟಿನ ಹೊಂಗೆ ಮರದ ಎರಡು ಟೊಂಗೆ. ಹಳೆ ಎಲೆ ಉದುರಿಸಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಳೆ ಎಲೆ ತಳೆಯುವ ಕಾಲ ಅದು. ವಾಚ್‌ಮನ್ ತಾನೇ ಮುರಿದು ಕೊಟ್ಟ. ಹಬ್ಬದ ಹಿಂದಿನ ದಿನ ಮಾವಿನೆಲೆ, ಬೇವು, ಚೆಂಡುಹೂವಿಗೆ 180. ಹಾಳೆಯ ಕೆಳಗೆ ಮೊತ್ತ: 3570.

ಭಾವ ಬಾಗಿಲಲ್ಲೇ ನಿಂತುಬಿಟ್ಟರು. "ಏನೋ ತಮ್ಮಾ, ಅರಮನಿ ಮಾಡಿಟ್ಟೀಯಲ್ಲೋ!" ಎಂದರು. ಗಂಡ ನಕ್ಕ. ನೆಗೆಣ್ಣಿ ಚಪ್ಪಲಿ ಬಿಟ್ಟು ಒಳಗೆ ಬಂದು ಸೀದಾ ಪರದೆಯ ಹತ್ತಿರ ಹೋದರು. ದಡಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಚಲೋ ಆಗ್ಯಾವು" ಎಂದರು, ಅಷ್ಟೇ. ಎಷ್ಟು ಬಿತ್ತು ಎಂದು ಕೇಳಲಿಲ್ಲ. ನಮ್ಮ ಕಡೆ ಹೆಂಗಸರು ಬೆಲೆ ಕೇಳದೆ ಇರುವುದು ಅಪರೂಪ. ಆಕೆಗೆ ಆಗಲೇ ಏನೋ ಅನ್ನಿಸಬೇಕಿತ್ತು, ಹೋಳಿಗೆಯ ಗಡಿಬಿಡಿಯಲ್ಲಿ ಅನ್ನಿಸಲಿಲ್ಲ.

ಹಬ್ಬ ಚೆನ್ನಾಗಿಯೇ ಆಯಿತು. ಎದುರು ಮನೆಯ ಗುಡಿಗೆ ಸಕ್ಕರೆ ಸರ, ಇವರ ಬಾಗಿಲಿಗೆ ಮಾವಿನ ತೋರಣ. ಪುಟಾಣಿ ಹಿಟ್ಟು, ಬೆಲ್ಲ, ದ್ರಾಕ್ಷಿ ಹಾಕಿ ಪಾನಕದ ಹಾಗೆ ಮಾಡಿದ ಬೇವನ್ನು ಆಚೆಮನೆಯವರೂ ಕುಡಿದರು. ಸಂಜೆ ಬುಟ್ಟಿಯ ದೀಪಗಳು ಹತ್ತಿದವು. ಆ ಬೆಳಕಿನಲ್ಲಿ ಭಾವ ಕುಶನ್ನಿಗೆ ಒರಗಿ ಕೂತು ಮಾತು ತೆಗೆದರು. ಬಾಗಲಕೋಟೆ ಹತ್ತಿರದ ಊರಿನ ಮನೆಯದು ಮಣ್ಣಿನ ಮಾಳಿಗೆ. ಎರಡು ತೊಲೆಗೆ ಗೆದ್ದಲು ಹತ್ತಿದೆ, ಈ ಮಳೆಗಾಲ ದಾಟುವುದು ಕಷ್ಟ. ಒಟ್ಟು ಮೂರು ಲಕ್ಷ ಖರ್ಚು. ಇಬ್ಬರೂ ಅರ್ಧರ್ಧ ಹಾಕೋಣ.

"ಮದಲ ಹೇಳಬೇಕಂತ ಮಾಡಿದ್ದೆ, ನಿನಗ ಭಾರ ಆದೀತೇನೋ ಅಂತ ಸುಮ್ನಿದ್ದೆ. ಈಗ ನಿನ್ನ ಮನಿ ನೋಡಿದ ಮ್ಯಾಲೆ ಧೈರ್ಯ ಬಂತು" ಎಂದರು.

ಗಂಡ "ನೋಡೂಣ ಅಣ್ಣಾ" ಎಂದ. ಅವನ ಕೈ ದೀಪದ ವೈರಿನ ಮೇಲಿತ್ತು.

ಆ ರಾತ್ರಿ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಹಾಸಿಕೊಂಡು ಮಲಗಿದ್ದರು. ಬ್ಯಾಂಕಿನಲ್ಲಿ ಇದ್ದುದೇ ಎರಡು ಲಕ್ಷದ ಆಸುಪಾಸು. "ಕೊಟ್ಟಬಿಡೂಣು" ಎಂದ ಗಂಡ, ಸೀಲಿಂಗು ನೋಡುತ್ತ. ಆಕೆ ಮಾತಾಡಲಿಲ್ಲ. ಹದಿನೆಂಟು ದಿನ ದುಡಿದು ಕಟ್ಟಿದ ಆಟ ಇಷ್ಟು ಚೆನ್ನಾಗಿ ಗೆಲ್ಲುತ್ತದೆ ಎಂದು ಆಕೆ ಎಣಿಸಿರಲಿಲ್ಲ.

ಬೆಳಿಗ್ಗೆ ಗಂಡಸರು ವಾಕಿಂಗಿಗೆ ಹೋದರು. ನೆಗೆಣ್ಣಿ ಬಾಲ್ಕನಿಯ ಬಾಗಿಲಲ್ಲಿ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದರು. ಆಕೆ ಒಳಗೆ ಹೋಗಿ ಆ ಕ್ಯಾಲೆಂಡರ್ ಹಾಳೆ ತಂದು ಅವರ ಮುಂದೆ ಹಿಡಿದಳು.

"ಏನಿದು?"

"ಮನಿ ಲೆಕ್ಕ. ಓದ್ರಿ ಅಕ್ಕಾರ."

ಅವರು ಹಾಳೆಯನ್ನು ದೂರ ಹಿಡಿದು ಒಂದೊಂದೇ ಸಾಲು ಓದಿದರು. ಬಲ್ಬು, ಬುಟ್ಟಿ, ವೈರು. ಮೊತ್ತದವರೆಗೆ ಬಂದು ಮತ್ತೆ ಮೇಲಕ್ಕೆ ಹೋದರು.

"ಇದ್ರಾಗ ಪರದೆ ಬಟ್ಟಿ ರೊಕ್ಕ ಇಲ್ಲಲ್ಲ."

"ಇಲ್ರಿ."

"ಎಲ್ಲಿಂದ ಇರ್ತೈತಿ. ಅತ್ತಿ ಸೀರಿ ಅದು."

ಆಕೆ ಅಲ್ಲೇ ಕುಕ್ಕರಿಸಿ ಕೂತಳು. ನೆಗೆಣ್ಣಿ ಪಲ್ಲೆ ಸೋಸುವುದನ್ನು ನಿಲ್ಲಿಸಲಿಲ್ಲ. "ಬಂದ ದಿನಾನ ದಡಿ ನೋಡಿ ಗುರ್ತ ಹಿಡದೆ. ಇಪ್ಪತ್ತ ವರ್ಷ ಒಗದ ಹಾಕೀನಿ ಆ ಸೀರಿ. ನೀ ಅದಕ್ಕ ಕತ್ರಿ ಹಾಕಾಕಿ ಅಲ್ಲ. ಹಾಕೀ ಅಂದ್ರ ಏನೋ ಆಗೇತಿ ಅಂತ ಸುಮ್ನಾದೆ. ಯಾವಾಗಿಂದ ಕೆಲಸಿಲ್ಲ?"

"ಡಿಸೆಂಬರದಿಂದ."

"ಮತ್ತ ನಿನ್ನೆ ರಾತ್ರಿ ಮಾಳಿಗಿ ಮಾತ ತಗದಾಗ ಯಾಕ ಬಾಯಿ ಬಿಡ್ಲಿಲ್ಲ?"

"ಭಾವಾರಿಗೆ ನೀವ ಯಾಕ ಹೇಳ್ಲಿಲ್ರಿ, ಗೊತ್ತಿದ್ರ?"

"ಅವರಿಗೆ ಪರದೆ ಯಾವ್ದು ಸೀರಿ ಯಾವ್ದು ಅಂತ ಎಲ್ಲಿ ತಿಳೀತೈತಿ" ಎಂದು ನೆಗೆಣ್ಣಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಕೆಗೂ ನಗು ಬಂತು, ಅಳುವೂ ಬಂತು.

ಭಾವನಿಗೆ ನೆಗೆಣ್ಣಿಯೇ ಹೇಳಿದರು. ಅವರು ಮಧ್ಯಾಹ್ನದವರೆಗೆ ಯಾರ ಜೊತೆಗೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಒಮ್ಮೆಲೇ ತಮ್ಮನ ಮೇಲೆ ರೇಗಿದರು. ಕೆಲಸ ಹೋದದ್ದಕ್ಕಲ್ಲ, ಮೂರು ತಿಂಗಳು ಫೋನಿನಲ್ಲಿ ಎಲ್ಲ ಆರಾಮ ಎಂದದ್ದಕ್ಕೆ. ಗಂಡ ತಲೆ ತಗ್ಗಿಸಿ ಉಂಡ. ಕೈ ತೊಳೆದು ಬಂದ ಮೇಲೆ ಭಾವ, ಈ ಮಳೆಗಾಲಕ್ಕೆ ಮಾಳಿಗೆಗೆ ತಾಡಪತ್ರಿ ಹೊದಿಸಿದರಾಯಿತು, ತೊಲೆಗಳಿಗೆ ಕೆಳಗಿನಿಂದ ಊರುಗೋಲು ಕೊಟ್ಟರೆ ಒಂದು ವರ್ಷ ತಡೆಯುತ್ತದೆ ಎಂದರು. ಗಂಡ ಕಾಗದ ತೆಗೆದುಕೊಂಡು ಊರುಗೋಲು ಎಲ್ಲೆಲ್ಲಿ ಬರಬೇಕೆಂದು ಚಿತ್ರ ಬಿಡಿಸಿದ. ಸಂಜೆಯವರೆಗೆ ಅಣ್ಣ ತಮ್ಮ ಅದರ ಮೇಲೆ ಬಾಗಿಕೊಂಡು ವಾದ ಮಾಡುತ್ತಿದ್ದರು.

ಹೊರಡುವ ಮೊದಲು ನೆಗೆಣ್ಣಿ ಕೇಳಿದರು, "ಸೆರಗ ಏನ್ ಮಾಡೀ?"

ಆಕೆ ಕಪಾಟಿನಿಂದ ತಂದು ಕೊಟ್ಟಳು. ಕತ್ತರಿಸಿದ ಅಂಚು ಬಿಚ್ಚದಂತೆ ಮಡಚಿ ಹೊಲಿದಿದ್ದಳು. ನೆಗೆಣ್ಣಿ ಅದನ್ನು ತೊಡೆಯ ಮೇಲೆ ಹರವಿ, ನಾಲ್ಕಾಗಿ ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು.

ಗಂಡನಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಭೋಸರಿಯ ಎರಡು ಕಡೆ ಮುಖಾಮುಖಿ ಸಂದರ್ಶನ ಆಗಿದೆ. ಹೊಂಗೆಯ ಟೊಂಗೆ ಒಣಗಿ ಬೇರೆ ಬಂದಿದೆ. ಹಂಸ, ಗಡಿಯಾರಗಳು ಮಂಚದ ಕೆಳಗೇ ಇವೆ. ಹಬ್ಬ ಮುಗಿದು ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಹುಬ್ಬಳ್ಳಿಯಿಂದ ವಾಟ್ಸಾಪಿನಲ್ಲಿ ಫೋಟೊ ಬಂತು. ನೆಗೆಣ್ಣಿಯ ಮನೆಯ ಕಿಟಕಿ, ಸ್ಟೂಲಿನ ಮೇಲೆ ನಿಂತ ಭಾವ, ಕೈಯಲ್ಲಿ ಪೈಪು. ಕುರ್ಚಿಯ ಮೇಲೆ ದಾಳಿಂಬೆ ಬಣ್ಣದ ಇನ್ನೊಂದು ಇಳಕಲ್ಲ ಸೀರೆ, ಇನ್ನೂ ಕತ್ತರಿಸಿರಲಿಲ್ಲ. ಕೆಳಗೆ ಒಂದು ಸಾಲು: "ಎಷ್ಟ ಕೆಳಗ ಹಾಕಬೇಕ ಹೇಳವಾ, ಇವ್ರು ನಿಂತ ನಿಂತ ಬಯ್ಯಾಕತ್ತಾರ."

ಆಕೆ ಮಶೀನಿನ ಮೇಲಿಂದ ಕೈ ತೆಗೆದು ಬರೆದಳು: "ಸೀಲಿಂಗಿಂದ ನಾಕ ಬೆರಳ ಕೆಳಗ್ರಿ ಅಕ್ಕಾರ. ಒಳಬಟ್ಟಿ ಮರೀಬ್ಯಾಡ್ರಿ."